ಸಂಸಾರದಲ್ಲಿದ್ದೇ ಸಭೆಯ ನಿಯಮ: ಮಲೆನಾಡಿನ ಕಥೋಲಿಕರಿಗೆ ಮಾರ್ಗದರ್ಶಿ

ಕುತ್ತಿಗೆಯಲ್ಲಿ ಕಂದು ಸ್ಕಾಪುಲರ್ (ಕಾರ್ಮೆಲ್ ಮಾತೆಯ ಭಕ್ತಿಗೆ ಧರಿಸುವ ಬಟ್ಟೆಯ ತುಂಡುಗಳ ಸರ) ಇದೆ, ಗೋಡೆಯ ಮೇಲೆ ಸಂತ ಅಂತೋಣಿಯವರ ಪಟವಿದೆ, ಮಂಗಳವಾರದ ನೊವೆನಾ ತಪ್ಪುವುದಿಲ್ಲ. ಇದೆಲ್ಲ ಒಳ್ಳೆಯ ಭಕ್ತಿಯೇ. ಆದರೆ ಇಷ್ಟರಿಂದ ಯಾರೂ ಕಾರ್ಮೆಲ್ ಸಭೆ, ಫ್ರಾನ್ಸಿಸ್ಕನ್ ಕುಟುಂಬದಂಥ ಸನ್ಯಾಸ ಪರಂಪರೆಗೆ ಸೇರಿದಂತಾಗುವುದಿಲ್ಲ. ಸ್ಕಾಪುಲರ್ ಧರಿಸುವುದು ಒಂದು, ಕಾರ್ಮೆಲ್‌ನ ಗೃಹಸ್ಥ ಸಭೆಯಲ್ಲಿ ವಾಗ್ದಾನ ಮಾಡುವುದು ಬೇರೆಯೇ. ಮೊದಲನೆಯದಕ್ಕೆ ಗುರುಗಳ ಒಂದು ಆಶೀರ್ವಾದ ಸಾಕು. ಎರಡನೆಯದಕ್ಕೆ ಐದಾರು ವರ್ಷಗಳ ತರಬೇತಿ ಬೇಕು.

1983ರ ಧರ್ಮಸಭೆಯ ಕಾನೂನು ಸಂಹಿತೆ ತನ್ನ 303ನೇ ವಿಧಿಯಲ್ಲಿ ‘ತೃತೀಯ ಸಭೆ’ (ಗೃಹಸ್ಥ ಸಭೆಗಳ ಇನ್ನೊಂದು ಹೆಸರು) ಎಂದರೇನು ಎಂದು ಹೇಳುತ್ತದೆ: ಲೋಕದ ನಡುವೆ ಬಾಳುತ್ತಲೇ ಒಂದು ಧಾರ್ಮಿಕ ಸಭೆಯ ಚೈತನ್ಯದಲ್ಲಿ ಪಾಲುಗೊಂಡು, ಆ ಸಭೆಯ ಮೇಲ್ಮಟ್ಟದ ಮಾರ್ಗದರ್ಶನದಲ್ಲಿ ಪ್ರೇಷಿತ ಜೀವನ ನಡೆಸುತ್ತಾ ಕ್ರೈಸ್ತ ಪರಿಪೂರ್ಣತೆಯತ್ತ ಸಾಗುವವರ ಸಂಘ. ಗಂಡ, ಹೆಂಡತಿ, ಮಕ್ಕಳು, ತೋಟ, ನೌಕರಿ ಎಲ್ಲವೂ ಇದ್ದಲ್ಲೇ ಇರುತ್ತವೆ. ನಿಲುವಂಗಿ ಇಲ್ಲ, ಮಠದ ವಾಸವಿಲ್ಲ, ಆಸ್ತಿ ಬಿಟ್ಟುಕೊಡಬೇಕಿಲ್ಲ, ಪ್ರವೇಶ ಶುಲ್ಕವೂ ಇಲ್ಲ. ಬದಲಾಗುವುದು ದಿನದ ಕ್ರಮ. ದುಡ್ಡು, ಕೆಲಸ, ಜಗಳ, ನೆಲ, ನೀರು ಇವುಗಳ ಬಗ್ಗೆ ತೀರ್ಮಾನ ಮಾಡುವ ರೀತಿಯೂ ಬದಲಾಗುತ್ತದೆ.

ಆಯ್ಕೆ ಮಾಡುವಾಗ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಳ್ಳಿ: ಜುಲೈ ತಿಂಗಳ ಮಳೆಯಲ್ಲಿ, ಕರೆಂಟು ಹೋಗಿ ಎರಡು ದಿನವಾದಾಗ, ಈ ನಿಯಮ ನನ್ನ ಮನೆಯಲ್ಲಿ ನಡೆಯುತ್ತದೆಯೇ? ತಪಸ್ಸುಕಾಲದ ಧ್ಯಾನಕೂಟ ಮುಗಿಸಿ ಬಂದ ವಾರದ ಉತ್ಸಾಹವನ್ನು ನಂಬಿ ಸಭೆ ಆರಿಸಬೇಡಿ.

ಮೊದಲ ಹೆಜ್ಜೆ: ಯಾವ ಕುಟುಂಬ?

ಫ್ರಾನ್ಸಿಸ್ಕನ್ ಗೃಹಸ್ಥ ಸಭೆ. ಅಸ್ಸಿಸಿಯ ಸಂತ ಫ್ರಾನ್ಸಿಸರ ಕಾಲದಿಂದಲೇ ಬಂದ ದಾರಿ ಇದು. 1221ರಲ್ಲೇ ಇದಕ್ಕೊಂದು ಜೀವನಕ್ರಮವಿತ್ತು. ಈಗಿನ ನಿಯಮವನ್ನು ಪೋಪ್ ಆರನೇ ಪೌಲರು 1978ರ ಜೂನ್ 24ರಂದು ಅಂಗೀಕರಿಸಿದರು. ನಿಯಮ ಚಿಕ್ಕದು, 26 ವಿಧಿಗಳು ಮಾತ್ರ. ಒಂದೇ ಕೂತಿಗೆ ಓದಿ ಮುಗಿಸಬಹುದು. ಅದರ ತಿರುಳು ನಾಲ್ಕನೇ ವಿಧಿಯಲ್ಲಿದೆ: ಶುಭಸಂದೇಶದಿಂದ ಬದುಕಿಗೆ, ಬದುಕಿನಿಂದ ಶುಭಸಂದೇಶಕ್ಕೆ. ಹಂಗೇರಿಯ ಸಂತ ಎಲಿಜಬೆತ್ ಮತ್ತು ಫ್ರಾನ್ಸಿನ ಅರಸ ಸಂತ ಲೂಯಿ ಇದರ ಪಾಲಕ ಸಂತರು. ಇಬ್ಬರೂ ಮದುವೆಯಾಗಿ ಮಕ್ಕಳನ್ನು ಹೆತ್ತವರು. ಕೃಷಿಕ ಕುಟುಂಬಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ ಎಂಬುದು ನಮ್ಮ ಅನಿಸಿಕೆ. ಕೆಲಸ, ಕುಟುಂಬ, ಸೃಷ್ಟಿ, ಶಾಂತಿ ಒಂದೊಂದಕ್ಕೂ ಒಂದೊಂದು ವಿಧಿ ಮೀಸಲಾಗಿದೆ (16ರಿಂದ 19).

ಕಾರ್ಮೆಲ್ ಗೃಹಸ್ಥ ಸಭೆ. ಆವಿಲಾದ ಸಂತ ತೆರೇಸಾ ಮತ್ತು ಶಿಲುಬೆಯ ಸಂತ ಯೋವಾನ್ನರ ದಾರಿ. ಇಲ್ಲಿ ಮೌನ ಪ್ರಾರ್ಥನೆಯೇ ಬೆನ್ನೆಲುಬು: ಸಾಮಾನ್ಯವಾಗಿ ದಿನಕ್ಕೆ ಅರ್ಧ ಗಂಟೆ, ಅದರ ಜೊತೆಗೆ ಬೆಳಗಿನ ಮತ್ತು ಸಂಜೆಯ ಪ್ರಾರ್ಥನಾವಿಧಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಅರ್ಧ ಗಂಟೆ ಎಲ್ಲಿಂದ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ.

ಡೊಮಿನಿಕನ್ ಗೃಹಸ್ಥರು ಪ್ರಾರ್ಥನೆ, ಅಧ್ಯಯನ, ಸಮುದಾಯ, ಬೋಧನೆ ಈ ನಾಲ್ಕು ಕಂಬಗಳ ಮೇಲೆ ನಿಂತವರು. ಸಿಯೆನಾದ ಸಂತ ಕ್ಯಾಥರೀನ್ ಈ ಕುಟುಂಬದವರು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ ಕೂಡ ಇದೇ ಕುಟುಂಬದವರು. ಧರ್ಮೋಪದೇಶ ತರಗತಿ ನಡೆಸುವವರಿಗೆ, ಓದುವ ಹಟವಿರುವವರಿಗೆ ಹೇಳಿ ಮಾಡಿಸಿದ ದಾರಿ.

ಬೆನೆಡಿಕ್ಟನ್ ಒಬ್ಲೇಟರಾಗುವವರು ಇಡೀ ಸಭೆಗಲ್ಲ, ಒಂದು ನಿರ್ದಿಷ್ಟ ಮಠಕ್ಕೆ ತಮ್ಮನ್ನು ಅರ್ಪಿಸಿಕೊಳ್ಳುತ್ತಾರೆ. ಹಾಗಾಗಿ ಮಠಕ್ಕೆ ವರ್ಷಕ್ಕೆ ಒಂದೆರಡು ಸಲವಾದರೂ ಹೋಗಿ ಬರುವ ದಾರಿ ಇರಬೇಕು. ಬೆಂಗಳೂರಿನ ಕೆಂಗೇರಿ ಬಳಿಯ ಆಶೀರ್ವನಂ ಬೆನೆಡಿಕ್ಟನ್ ಮಠ. ತಾಳಗುಪ್ಪ, ಸಾಗರ, ಶಿವಮೊಗ್ಗದ ಕಡೆಯವರಿಗೆ ಬೆಂಗಳೂರಿನವರೆಗೆ ರೈಲಿದೆ ಎಂಬುದೊಂದು ಅನುಕೂಲ.

ಡಾನ್ ಬೋಸ್ಕೊ ಅವರು 1876ರಲ್ಲಿ ಕಟ್ಟಿದ ಸಲೇಶಿಯನ್ ಸಹಕಾರಿಗಳ ಸಂಘ ಯುವಜನರ ಸೇವೆಗೆ ಮೀಸಲು. ಯೇಸುಸಭೆಯವರಿಗೆ (ಜೆಸ್ವಿಟರಿಗೆ) ತೃತೀಯ ಸಭೆ ಇಲ್ಲ. ಆ ಸಭೆಯ ಸ್ಥಾಪಕರಾದ ಸಂತ ಇಗ್ನಾಸಿಯವರ ದಾರಿ ಹಿಡಿಯುವ ಗೃಹಸ್ಥರಿಗೆ ಕ್ರಿಸ್ತ ಜೀವನ ಸಮುದಾಯಗಳಿವೆ. ಅದಕ್ಕೂ ಸೇರಲಾಗದವರು ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳನ್ನು ಮನೆಯಲ್ಲಿದ್ದೇ, ಒಬ್ಬ ಮಾರ್ಗದರ್ಶಕರ ಜೊತೆ, ಹಲವು ತಿಂಗಳುಗಳಲ್ಲಿ ಮಾಡಿ ಮುಗಿಸಬಹುದು. ಆ ಪುಸ್ತಕದ 19ನೇ ಟಿಪ್ಪಣಿಯೇ ಇದಕ್ಕೆ ಅವಕಾಶ ಕೊಡುತ್ತದೆ.

ಎರಡು ಮೂರನ್ನು ಒಟ್ಟಿಗೆ ಹಿಡಿಯಲು ಹೋಗಬೇಡಿ. ಬೇರೆ ಧಾರ್ಮಿಕ ಕುಟುಂಬದಲ್ಲಿ ಶಾಶ್ವತ ವಾಗ್ದಾನದಿಂದ ಬದ್ಧರಾದವರನ್ನು ಫ್ರಾನ್ಸಿಸ್ಕನ್ ಗೃಹಸ್ಥ ಸಭೆ ಸೇರಿಸಿಕೊಳ್ಳುವುದಿಲ್ಲ. ನಿಯಮದ ಮಾತು ಹಾಗಿರಲಿ, ಮೂರು ಕಡೆಯ ಕೂಟ, ಮೂರು ಬಗೆಯ ಪ್ರಾರ್ಥನಾ ಪುಸ್ತಕ ಎಂದು ಓಡಾಡುವವರಲ್ಲಿ ಯಾವುದೂ ಬೇರು ಬಿಡುವುದಿಲ್ಲ.

ಎರಡನೇ ಹೆಜ್ಜೆ: ಸೇರುವ ಮೊದಲೇ ಮನೆಯಲ್ಲಿ ಮೂರು ತಿಂಗಳು

ಯಾರಿಗೂ ಕಾಗದ ಬರೆಯುವ ಮುನ್ನ ಇದನ್ನು ಮಾಡಿ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ದಿನವೇ ಬೆಳಗಿನ ಪ್ರಾರ್ಥನೆ, ಸಂಜೆಯ ಪ್ರಾರ್ಥನೆ, ಜಪಸರ, ಧ್ಯಾನ ಎಲ್ಲವನ್ನೂ ಹೊತ್ತುಕೊಳ್ಳುತ್ತಾರೆ. ಮೂರನೇ ವಾರಕ್ಕೆ ಎಲ್ಲವನ್ನೂ ಇಳಿಸುತ್ತಾರೆ.

ಮೊದಲ ತಿಂಗಳು ರಾತ್ರಿಯ ಪ್ರಾರ್ಥನೆ ಮಾತ್ರ. ಧರ್ಮಸಭೆಯ ದೈನಂದಿನ ಪ್ರಾರ್ಥನಾವಿಧಿಯಲ್ಲಿ ಬೆಳಗು ಮತ್ತು ಸಂಜೆಯ ಕೀರ್ತನೆಗಳು ನಾಲ್ಕು ವಾರಗಳ ಸುತ್ತಿನಲ್ಲಿ ಬದಲಾಗುತ್ತವೆ, ರಾತ್ರಿಯವು ಒಂದೇ ವಾರದ ಸುತ್ತು. ಪ್ರಾರ್ಥನಾವಿಧಿಯ ಪುಸ್ತಕ ಕೈಯಲ್ಲಿಲ್ಲದಿದ್ದರೂ ಕನ್ನಡ ಬೈಬಲ್ ಒಂದಿದ್ದರೆ ಸಾಕು. ಶನಿವಾರ ರಾತ್ರಿ ಕೀರ್ತನೆ 4 ಮತ್ತು 134. ಭಾನುವಾರ 91. ಸೋಮವಾರ 86. ಮಂಗಳವಾರ 143ರ ಮೊದಲ 11 ಚರಣ. ಬುಧವಾರ 31ರ ಮೊದಲ 6 ಚರಣ ಮತ್ತು 130. ಗುರುವಾರ 16. ಶುಕ್ರವಾರ 88. ಮೊದಲು ದಿನವನ್ನು ನೆನೆದು ಒಂದು ನಿಮಿಷ ಮೌನವಾಗಿದ್ದು ಪಶ್ಚಾತ್ತಾಪ ಪಡಿ. ಆಮೇಲೆ ಕೀರ್ತನೆ, ಕೊನೆಗೆ ಲೂಕನ ಶುಭಸಂದೇಶ 2ನೇ ಅಧ್ಯಾಯದ 29ರಿಂದ 32ರವರೆಗಿನ ಸಿಮೆಯೋನನ ಗೀತೆ ಮತ್ತು ಮರಿಯಮ್ಮನವರಿಗೆ ಒಂದು ಪ್ರಾರ್ಥನೆ. ಹತ್ತು ನಿಮಿಷ ಸಾಕು. ತಿಂಗಳು ಕಳೆಯುವಷ್ಟರಲ್ಲಿ 134 ಮತ್ತು 4 ಬಾಯಿಪಾಠವಾಗಿರುತ್ತವೆ. ಕರೆಂಟು ಹೋದ ರಾತ್ರಿ ಟಾರ್ಚು ಹುಡುಕದೆ ಹಾಸಿಗೆಯ ಮೇಲೆ ಕೂತೇ ಹೇಳಬಹುದು.

ಎರಡನೇ ತಿಂಗಳು ಬೆಳಗಿನದನ್ನು ಸೇರಿಸಿ. ಪೂರ್ಣ ವಿಧಿ ಬೇಡ. ಒಂದು ಕೀರ್ತನೆ (ಭಾನುವಾರಕ್ಕೆ 63, ಶುಕ್ರವಾರಕ್ಕೆ 51 ಎಂಬುದು ಪರಂಪರೆ), ಲೂಕ 1ರ 68ರಿಂದ 79ರವರೆಗಿನ ಜಕರೀಯನ ಗೀತೆ, ಪರಲೋಕ ಪ್ರಾರ್ಥನೆ. ಹೊತ್ತನ್ನು ಗಡಿಯಾರಕ್ಕೆ ಕಟ್ಟಬೇಡಿ, ಮನೆಯ ಒಂದು ಕೆಲಸಕ್ಕೆ ಕಟ್ಟಿ: ಬಚ್ಚಲೊಲೆಗೆ ಬೆಂಕಿ ಹಾಕಿದ ಮೇಲೆ, ಅಥವಾ ಹಾಲು ಕರೆದು ಡೇರಿಗೆ ಕೊಟ್ಟು ಬಂದ ಮೇಲೆ. ಗಡಿಯಾರದ ಸಮಯ ಅಡಿಕೆ ಸುಗ್ಗಿಯಲ್ಲಿ ತಪ್ಪುತ್ತದೆ, ಒಲೆಯ ಬೆಂಕಿ ಯಾವ ಕಾಲದಲ್ಲೂ ತಪ್ಪುವುದಿಲ್ಲ. ಮೊಬೈಲ್‌ನಲ್ಲಿ ಓದುವವರು ಮಳೆ ಹಿಡಿಯುವ ಮೊದಲೇ, ಮೇ ಕೊನೆಯೊಳಗೆ, ಬೇಕಾದ ಪುಟಗಳನ್ನು ಇಳಿಸಿಟ್ಟುಕೊಳ್ಳಿ. ಹೊಸನಗರ, ತೀರ್ಥಹಳ್ಳಿಯ ಒಳಭಾಗಗಳಲ್ಲಿ ಜೂನ್ ನಂತರ ನೆಟ್‌ವರ್ಕ್ ನಂಬಿ ಪ್ರಾರ್ಥನೆಗೆ ಕೂರಲಾಗದು. ಪುಸ್ತಕವಾದರೆ ಪ್ಲಾಸ್ಟಿಕ್ ಕವರಿನಲ್ಲಿಡಿ, ಇಲ್ಲವಾದರೆ ಆಗಸ್ಟ್ ಹೊತ್ತಿಗೆ ಬೂಸ್ಟು ಹಿಡಿದಿರುತ್ತದೆ.

ಮೂರನೇ ತಿಂಗಳು ನಿಮ್ಮ ಸಭೆಯ ವಿಶೇಷ ಸಾಧನೆಯನ್ನು ಸೇರಿಸಿ. ಕಾರ್ಮೆಲ್ ಕಡೆ ಮನಸ್ಸಿದ್ದರೆ ಹದಿನೈದು ನಿಮಿಷದ ಮೌನದಿಂದ ಆರಂಭಿಸಿ ಅರ್ಧ ಗಂಟೆಗೆ ಬೆಳೆಸಿ. ನಿದ್ದೆ ಬಂದರೆ ಅದನ್ನು ಪಾಪವೆಂದು ಎಣಿಸಬೇಕಿಲ್ಲ, ಹೊತ್ತು ತಪ್ಪು ಎಂದು ತಿಳಿಯಿರಿ. ರಾತ್ರಿ ಊಟದ ಮೇಲೆ ಮಾಡುತ್ತಿದ್ದರೆ ಬೆಳಗಿಗೆ ಸರಿಸಿ. ಇಗ್ನಾಸಿಯವರ ಕಡೆಯಾದರೆ ಆತ್ಮಶೋಧನೆ: ಕೃತಜ್ಞತೆ, ಪವಿತ್ರಾತ್ಮರ ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ಪಶ್ಚಾತ್ತಾಪ, ನಾಳೆಯ ನಿರ್ಧಾರ. ಐದು ಹಂತ, ಹದಿನೈದು ನಿಮಿಷ.

ಫ್ರಾನ್ಸಿಸ್ಕನ್ ದಾರಿಯಾದರೆ ಭಾನುವಾರದ ಶುಭಸಂದೇಶವನ್ನು ಶನಿವಾರವೇ ಓದಿ, ಅದರಿಂದ ವಾರಕ್ಕೊಂದು ಕೆಲಸ ಆರಿಸಿಕೊಳ್ಳಿ. ಆ ಕೆಲಸವನ್ನು ಎಷ್ಟು ಖಚಿತವಾಗಿ ಆರಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ಸೃಷ್ಟಿಯನ್ನು ಪ್ರೀತಿಸುತ್ತೇನೆ’ ಎಂದು ಬರೆದುಕೊಂಡರೆ ಏನೂ ಆಗುವುದಿಲ್ಲ. ಸೃಷ್ಟಿಯ ಕುರಿತ 18ನೇ ವಿಧಿಯನ್ನು ಅಡಿಕೆ ತೋಟಕ್ಕೆ ತನ್ನಿ: ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಎಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಔಷಧಿ ಹೊಡೆದ ಸಂಜೆ ಡ್ರಮ್ಮು, ಪೈಪು ತೊಳೆಯುವುದು ಸಾಮಾನ್ಯವಾಗಿ ಹಳ್ಳದಲ್ಲಿ. ತಾಮ್ರ ಮೀನಿಗೂ ನೀರಿನ ಸಣ್ಣ ಜೀವಿಗಳಿಗೂ ವಿಷ. ಈ ವರ್ಷ ಹಳ್ಳದಿಂದ ದೂರ, ತೋಟದೊಳಗೇ ತೊಳೆಯುವುದು ಎಂದು ನಿರ್ಧರಿಸಿದರೆ ಅದು 18ನೇ ವಿಧಿಯನ್ನು ಬದುಕಿದಂತೆ. ನ್ಯಾಯದ ಕುರಿತ 15ನೇ ವಿಧಿಗೆ: ಅಡಿಕೆ ಗೊನೆ ಇಳಿಸುವ ಕೊನೆಗಾರನ ಕೂಲಿ, ಅಡಿಕೆ ಸುಲಿಯುವ ಹೆಂಗಸರ ಲೆಕ್ಕ ಶನಿವಾರದೊಳಗೆ ಚುಕ್ತಾ ಆಗಬೇಕು, ಅಡಿಕೆ ಮಾರಿದ ಮೇಲೆ ನೋಡೋಣ ಎನ್ನಬಾರದು. ಶಾಂತಿಯ 19ನೇ ವಿಧಿಗೆ: ಬೇಲಿ ಅಥವಾ ಕಾಲುವೆ ನೀರಿನ ವಿಷಯದಲ್ಲಿ ಮಾತು ಬಿಟ್ಟ ಪಕ್ಕದ ಮನೆಯವರನ್ನು ಮೊದಲು ನೀವೇ ಮಾತನಾಡಿಸುವುದು. ಅವರು ಯಾವ ಧರ್ಮದವರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಮೂರು ತಿಂಗಳಲ್ಲಿ ಎಷ್ಟು ದಿನ ತಪ್ಪಿತು ಎಂದು ನೋಡಿ ಎದೆಗುಂದಬೇಡಿ. ತಪ್ಪಿದ ಮರುದಿನ ಮತ್ತೆ ಹಿಡಿದಿರಾ ಎಂಬುದನ್ನು ನೋಡಿ.

ಮೂರನೇ ಹೆಜ್ಜೆ: ಮನೆಯವರಿಗೆ, ಆಮೇಲೆ ಗುರುಗಳಿಗೆ

ಗಂಡನಿಗೋ ಹೆಂಡತಿಗೋ ಹೇಳದೆ ಮುಂದುವರಿಯಬೇಡಿ. ತಿಂಗಳಿಗೊಂದು ಭಾನುವಾರ ಇಡೀ ದಿನ ಮನೆಯಲ್ಲಿರುವುದಿಲ್ಲ, ಬಸ್ಸಿನ ಖರ್ಚಿದೆ, ಬೆಳಗಿನ ಅರ್ಧ ಗಂಟೆ ಅಡುಗೆಮನೆ ಬೇರೆಯವರ ಪಾಲಿಗೆ ಬರುತ್ತದೆ. ಇದನ್ನು ಮೊದಲೇ ಮಾತಾಡಿಕೊಂಡ ಮನೆಗಳಲ್ಲಿ ನಿಯಮ ನಿಲ್ಲುತ್ತದೆ. ಮಾತಾಡಿಕೊಳ್ಳದ ಮನೆಗಳಲ್ಲಿ ಪ್ರಾರ್ಥನೆಯೇ ಜಗಳದ ಮೂಲವಾಗುತ್ತದೆ. ಕುಟುಂಬ ಧರ್ಮ ಬಿಟ್ಟು ಸಭೆಯ ಧರ್ಮ ನಡೆಸಿ ಎಂದು ಯಾವ ಸಭೆಯೂ ಹೇಳುವುದಿಲ್ಲ.

ಆಮೇಲೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಾಣಿ. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳು ಸೇರುತ್ತವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರು ಚಿಕ್ಕಮಗಳೂರು ಧರ್ಮಕ್ಷೇತ್ರದವರು. ಧರ್ಮಕ್ಷೇತ್ರದಲ್ಲಿ ಯಾವ ಯಾವ ಸಭೆಯ ಫಾದರ್‌ಗಳು, ಸಿಸ್ಟರ್‌ಗಳು ಸೇವೆಯಲ್ಲಿದ್ದಾರೆ, ಎಲ್ಲಿ ಗೃಹಸ್ಥರ ಗುಂಪಿದೆ ಎಂಬುದು ಧರ್ಮಾಧ್ಯಕ್ಷರ ಕಚೇರಿಯಲ್ಲಿ ಸಿಗುತ್ತದೆ. ಕರಾವಳಿಯ ನಂಟಿರುವವರಿಗೆ ಮಂಗಳೂರಿನ ಬಿಕರ್ನಕಟ್ಟೆಯ ಬಾಲ ಯೇಸು ಪುಣ್ಯಕ್ಷೇತ್ರದ ಕಾರ್ಮೆಲ್ ಗುರುಗಳನ್ನು ವಿಚಾರಿಸುವುದು ಸುಲಭ. ಆದರೆ ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ದೊಡ್ಡ ವಾಹನಗಳಿಗೆ ಆಗಾಗ ತಡೆ ಬೀಳುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಕೊಂಡೊಯ್ಯಬೇಕಾದವು: ಸ್ನಾನದೀಕ್ಷೆ ಮತ್ತು ದೃಢೀಕರಣದ ಪತ್ರ, ಮದುವೆಯಾಗಿದ್ದರೆ ಧರ್ಮಕೇಂದ್ರದ ವಿವಾಹ ಪತ್ರ, ಮತ್ತು ಒಂದು ಪುಟದ ಕಾಗದ. ಸ್ನಾನದೀಕ್ಷೆ ಬೇರೆ ಊರಿನಲ್ಲಾಗಿದ್ದರೆ ಆ ಪತ್ರ ತರಿಸುವುದಕ್ಕೇ ಒಂದೆರಡು ತಿಂಗಳು ಹಿಡಿಯಬಹುದು, ಮೊದಲೇ ಬರೆದು ಹಾಕಿ. ಮದುವೆ ಚರ್ಚಿನಲ್ಲಿ ಆಗಿಲ್ಲದಿದ್ದರೆ ಮುಚ್ಚಿಡದೆ ಗುರುಗಳಿಗೆ ಹೇಳಿ. ಸರಿಪಡಿಸುವ ದಾರಿ ಹಲವು ಸಲ ಇರುತ್ತದೆ, ವಾಗ್ದಾನದ ಹಿಂದಿನ ವಾರ ಗೊತ್ತಾದರೆ ಎಲ್ಲರಿಗೂ ನೋವು. ಕಾಗದದಲ್ಲಿ ನಾಲ್ಕು ವಿಷಯ ಸಾಕು: ನೀವು ಯಾರು, ಮೂರು ತಿಂಗಳು ಏನು ಮಾಡಿದಿರಿ, ಈ ಸಭೆಯೇ ಏಕೆ, ತಿಂಗಳಿನ ಯಾವ ದಿನ ಬರಬಲ್ಲಿರಿ.

ನಾಲ್ಕನೇ ಹೆಜ್ಜೆ: ತರಬೇತಿ ಮತ್ತು ವಾಗ್ದಾನ

ಫ್ರಾನ್ಸಿಸ್ಕನ್ ಗೃಹಸ್ಥ ಸಭೆಯಲ್ಲಿ ಮೊದಲು ಪರಿಚಯದ ಅವಧಿ, ಆಮೇಲೆ ಸ್ವೀಕಾರ ವಿಧಿ, ಅಲ್ಲಿಂದ ಕನಿಷ್ಠ ಒಂದು ವರ್ಷದ ತರಬೇತಿ. ರಾಷ್ಟ್ರೀಯ ಮಟ್ಟದ ಕಟ್ಟಳೆ ಇದನ್ನು ಇನ್ನೂ ದೀರ್ಘ ಮಾಡಬಹುದು. ಶಾಶ್ವತ ವಾಗ್ದಾನಕ್ಕೆ ಮುನ್ನ ವರ್ಷ ವರ್ಷ ನವೀಕರಿಸುವ ತಾತ್ಕಾಲಿಕ ವಾಗ್ದಾನಕ್ಕೂ ಅವಕಾಶವಿದೆ, ಅದು ಒಟ್ಟು ಮೂರು ವರ್ಷ ಮೀರುವಂತಿಲ್ಲ. ವಾಗ್ದಾನವನ್ನು ಧರ್ಮಸಭೆಯ ಮತ್ತು ಫ್ರಾನ್ಸಿಸ್ಕನ್ ಗೃಹಸ್ಥ ಸಭೆಯ ಹೆಸರಿನಲ್ಲಿ ಸ್ವೀಕರಿಸುವವರು ಸ್ಥಳೀಯ ಬಳಗದ ಮುಖ್ಯಸ್ಥರು. ಅವರೂ ನಿಮ್ಮಂತೆಯೇ ಗೃಹಸ್ಥರು. ಇದು ಶ್ರೀಸಾಮಾನ್ಯರ ಸಭೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಧರಿಸುವ ಚಿಹ್ನೆ ಸಾಮಾನ್ಯವಾಗಿ ತಾವ್ (ಇಂಗ್ಲಿಷಿನ T) ಆಕಾರದ ಚಿಕ್ಕ ಮರದ ಶಿಲುಬೆ.

ಕಾರ್ಮೆಲ್‌ನಲ್ಲಿ ಕನಿಷ್ಠ ಆರು ತಿಂಗಳ ಒಡನಾಟ, ಸುಮಾರು ಎರಡು ವರ್ಷದ ಮೊದಲ ತರಬೇತಿ, ಮೊದಲ ವಾಗ್ದಾನ, ಮತ್ತೆ ಕನಿಷ್ಠ ಮೂರು ವರ್ಷ, ಆಮೇಲೆ ಅಂತಿಮ ವಾಗ್ದಾನ. ಅವಸರ ಮಾಡುವವರಿಗೆ ಇದು ಉದ್ದವೆನಿಸುತ್ತದೆ. ಇಷ್ಟು ವರ್ಷದಲ್ಲಿ ಮನೆಯಲ್ಲೊಂದು ಸಾವು, ಒಂದು ಮದುವೆ, ಒಂದು ಸಾಲ ಬಂದು ಹೋಗಿರುತ್ತದೆ. ಅದರ ನಡುವೆಯೂ ಪ್ರಾರ್ಥನೆ ಉಳಿಯಿತೇ ಎಂದು ತಿಳಿಯುವುದಕ್ಕೇ ಇಷ್ಟು ಕಾಲ.

ತರಬೇತಿಯಲ್ಲಿ ಕೆಡುವುದು ಬಹುತೇಕ ಎರಡು ಕಾರಣಗಳಿಂದ. ಒಂದು, ತಿಂಗಳ ಕೂಟ ಬರೀ ಜಪಸರ ಮತ್ತು ಕಾಫಿಯಾಗಿ ಇಳಿಯುವುದು. ಅದನ್ನು ತಡೆಯಲು ಕೂಟದ ಎರಡೂವರೆ ಗಂಟೆಯಲ್ಲಿ ಒಂದು ಗಂಟೆ ಪಾಠಕ್ಕೆ ಮೀಸಲಿಡಿ: ನಿಯಮದ ಒಂದೇ ವಿಧಿ, ಅದಕ್ಕೆ ಸಂಬಂಧಿಸಿದ ಶುಭಸಂದೇಶದ ಭಾಗ, ಕಳೆದ ತಿಂಗಳು ಅದನ್ನು ಬದುಕಿದ್ದು ಹೇಗೆ ಎಂದು ಪ್ರತಿಯೊಬ್ಬರಿಂದ ಮೂರು ನಿಮಿಷ. ಎರಡು, ವಾಟ್ಸಾಪ್ ಗುಂಪೇ ಬಳಗ ಎಂದು ತಿಳಿಯುವುದು. ಗುಂಪನ್ನು ದಿನಾಂಕ, ಸ್ಥಳ, ಸಾವು-ನೋವಿನ ಸುದ್ದಿಗೆ ಮಾತ್ರ ಇಟ್ಟುಕೊಂಡರೆ ಒಳ್ಳೆಯದು.

ಕೂಟದ ದಿನ ಗೊತ್ತು ಮಾಡುವಾಗ ಊರಿನ ಕಾಲವನ್ನು ಗೌರವಿಸಿ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ ಸುಮಾರು 60. ಹಳ್ಳಿಯಿಂದ ಪೇಟೆಗೆ ಬರುವ ಹೊತ್ತು ಬೇರೆ. ಆದ್ದರಿಂದ ಭಾನುವಾರದ ಬಲಿಪೂಜೆಯ ನಂತರ ಆರಂಭಿಸಿ, ಮಧ್ಯಾಹ್ನ ಮೂರಕ್ಕೆ ಮುಗಿಸಿದರೆ ಸಂಜೆಯ ಕೊನೆಯ ಬಸ್ಸು ಸಿಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ತಾಲ್ಲೂಕಿನ ಮಟ್ಟದಲ್ಲಿ ಮೂರು ನಾಲ್ಕು ಮನೆಯವರು ಒಂದು ಕಡೆ ಸೇರಲಿ. ಅಡಿಕೆ ಗೊನೆ ಕೊಯ್ಯುವ ತಿಂಗಳುಗಳಲ್ಲಿ ಅಡಿಕೆ ಬೇಯಿಸುವ ಕೆಲಸ ರಾತ್ರಿಯವರೆಗೂ ಇರುತ್ತದೆ, ಆಗ ಪೂರ್ಣ ದಿನದ ಕಾರ್ಯಕ್ರಮ ಇಡಬೇಡಿ. ವರ್ಷದ ಧ್ಯಾನಕೂಟ ತಪಸ್ಸುಕಾಲದಲ್ಲಿ ಇಟ್ಟರೆ ಹೆಚ್ಚು ಜನ ಬರುತ್ತಾರೆ.

ಹತ್ತಿರದಲ್ಲಿ ಬಳಗವೇ ಇಲ್ಲದಿದ್ದರೆ

ಒಬ್ಬರೇ ಇದ್ದು ಸಭೆಯವರಾಗಲು ಬರುವುದಿಲ್ಲ. ನಾಲ್ಕೈದು ಜನ ಸೇರಿ, ಈಗಾಗಲೇ ಸ್ಥಾಪಿತವಾಗಿರುವ ದೂರದ ಬಳಗವೊಂದರ ಆಶ್ರಯದಲ್ಲಿ ಆರಂಭಿಸಿ. ತರಬೇತಿದಾರರು ಎರಡು ತಿಂಗಳಿಗೊಮ್ಮೆ ಬಂದರೂ ಕೆಲಸ ಸಾಗುತ್ತದೆ. ಫ್ರಾನ್ಸಿಸ್ಕನ್ ಗೃಹಸ್ಥರ ಸ್ಥಳೀಯ ಬಳಗವನ್ನು ವಿಧಿವತ್ತಾಗಿ ಸ್ಥಾಪಿಸಲು ಶಾಶ್ವತ ವಾಗ್ದಾನ ಮಾಡಿದ ಕನಿಷ್ಠ ಐವರು ಬೇಕು. ಫ್ರಾನ್ಸಿಸ್ಕನ್ ಗುರುಗಳ ಮಠ ಅಥವಾ ಚರ್ಚಿನ ಹೊರಗೆ ಸ್ಥಾಪಿಸುವುದಾದರೆ ಧರ್ಮಾಧ್ಯಕ್ಷರ ಲಿಖಿತ ಒಪ್ಪಿಗೆಯೂ ಬೇಕು. ಆಮೇಲೆ ಮೂರು ವರ್ಷಕ್ಕೊಮ್ಮೆ ಚುನಾವಣೆ: ಮುಖ್ಯಸ್ಥರು, ಉಪಮುಖ್ಯಸ್ಥರು, ಕಾರ್ಯದರ್ಶಿ, ಖಜಾಂಚಿ, ತರಬೇತಿ ಹೊಣೆಗಾರರು. ಮೊದಲ ಹತ್ತು ವರ್ಷ ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುವುದು ಸುಲಭವೆನಿಸುತ್ತದೆ. ಅವರು ಮಕ್ಕಳ ಜೊತೆ ಬೆಂಗಳೂರಿಗೆ ಹೋದ ವರ್ಷವೇ ಬಳಗ ಮುಚ್ಚುತ್ತದೆ. ಆದ್ದರಿಂದ ಎರಡನೇ ಚುನಾವಣೆಯ ಹೊತ್ತಿಗೆ ಪಾಠ ಹೇಳಬಲ್ಲವರು ಕನಿಷ್ಠ ಇಬ್ಬರಿರುವಂತೆ ನೋಡಿಕೊಳ್ಳಿ.

ವಂತಿಗೆ ಶಕ್ತ್ಯಾನುಸಾರ. ಎಲ್ಲರಿಗೂ ಒಂದೇ ಮೊತ್ತ ಎಂದು ಗೊತ್ತು ಮಾಡಿದರೆ ಕೂಲಿ ಮಾಡುವವರು ಸದ್ದಿಲ್ಲದೆ ದೂರವಾಗುತ್ತಾರೆ. ಮುಚ್ಚಿದ ಲಕೋಟೆಯಲ್ಲಿ ಹಾಕುವ ಪದ್ಧತಿ ಇಟ್ಟುಕೊಳ್ಳಿ, ಒಟ್ಟು ಲೆಕ್ಕವನ್ನು ಮಾತ್ರ ಪ್ರತಿ ಕೂಟದಲ್ಲಿ ಓದಿ ಹೇಳಿ. ಬಳಗದ ಹಣದಿಂದ ಚೀಟಿ ವ್ಯವಹಾರ, ಕೈಸಾಲ ಬೇಡವೇ ಬೇಡ.

ಆಧ್ಯಾತ್ಮಿಕ ಸಹಾಯಕರಾದ ಗುರುಗಳಿಗೆ ವರ್ಗವಾಗುತ್ತದೆ, ಅದು ಸಹಜ. ಹೊಸಬರು ಬರುವವರೆಗೆ ಕೂಟ ನಿಲ್ಲಿಸಬೇಡಿ. ಪಾಠ, ಪ್ರಾರ್ಥನೆ ಗೃಹಸ್ಥರೇ ನಡೆಸಬಹುದು. ಹೊಸ ಸಹಾಯಕರಿಗಾಗಿ ಸಂಬಂಧಿಸಿದ ಸಭೆಯ ಪ್ರಾಂತ್ಯಾಧಿಕಾರಿಗೆ ಬಳಗದ ಮಂಡಳಿ ಲಿಖಿತವಾಗಿ ಕೇಳಬೇಕು. ನೀವೇ ಊರು ಬಿಟ್ಟು ಹೋಗುವುದಾದರೆ ವಾಗ್ದಾನ ನಿಮ್ಮೊಂದಿಗೇ ಬರುತ್ತದೆ. ಹೊರಡುವ ಮುನ್ನ ಕಾರ್ಯದರ್ಶಿಯಿಂದ ಸ್ವೀಕಾರ ಮತ್ತು ವಾಗ್ದಾನದ ದಿನಾಂಕಗಳಿರುವ ಪತ್ರ ಬರೆಸಿಕೊಂಡು, ಹೊಸ ಊರಿನ ಬಳಗಕ್ಕೆ ಒಪ್ಪಿಸಿ. ಆ ದಾಖಲೆ ಬಳಗದ ಪುಸ್ತಕದಲ್ಲೂ ಇರಬೇಕು, ನಿಮ್ಮ ಸ್ನಾನದೀಕ್ಷೆ ಪತ್ರದ ಜೊತೆ ಮನೆಯಲ್ಲೂ ಒಂದು ಪ್ರತಿ ಇರಬೇಕು.